ಕಂಬದಿಂದ ಒಂದು ಗೇಣು

೧೭ ಸೆಪ್ಟೆಂಬರ್ ೧೮೮೭, ಶನಿವಾರ

ಹದಿಮೂರು.

ಇನ್ನೊಮ್ಮೆ ಬರೆಯುತ್ತೇನೆ, ಬರೆದಷ್ಟೂ ಸಾಲದು. ಹದಿಮೂರು. ಡಾಲ್ರಾಯ್ ಊರಿನ ಬಟ್ಟೆಗೆ ಕೆಂಪುಬಣ್ಣ ಹಾಕುವ ಕಾರ್ಖಾನೆಯ ಕೂಲಿ ವಾಟಿ ಗಿಲ್‌ಫಿಲನ್, ಅಂದರೆ ನಾನು, ಒಂದೇ ಫುಟ್‌ಬಾಲ್ ಆಟದಲ್ಲಿ ಹದಿಮೂರು ಗೋಲು. ಇಡೀ ಸ್ಕಾಟ್ಲೆಂಡಿನಲ್ಲಿ ಯಾರೂ ಹೊಡೆದಿಲ್ಲ. ಹಿಂದಿನ ದಾಖಲೆ ಹನ್ನೆರಡು. ಅದನ್ನು ಹೊಡೆದವನು ಎಡಿನ್‌ಬರೋದ ಒಬ್ಬ ವಕೀಲನ ಮಗ, ಬೂಟಿನ ದಾರ ಕಟ್ಟಲೂ ಆಳಿಟ್ಟುಕೊಂಡವನು. ಇವತ್ತು ಅವನ ತಲೆಯ ಮೇಲೆ ಹತ್ತಿ ಕೂತವನ ಕೈ ನೋಡಿ: ಮೊಣಕೈವರೆಗೆ ಕೆಂಪು, ಯಾವ ಸೋಪಿಗೂ ಹೋಗದ ಕೆಂಪು. ಬಟ್ಟೆಗೆ ಬಣ್ಣ ಹಿಡಿಯಲೆಂದು ಕಲಸುವ ಎತ್ತಿನ ರಕ್ತ, ಸಗಣಿ, ಹಳಸಿದ ಎಣ್ಣೆಯಲ್ಲಿ ಹನ್ನೊಂದು ವರ್ಷ ನೆನೆದ ಕೈ.

ಎದುರಾಳಿಗಳು ಮಿಯರ್‌ಬರ್ನ್ ಗಣಿಯವರು. ಆ ಗಣಿ ಇಲಿಗಳು ಒಂಬತ್ತೇ ಜನ ಬಂದಿದ್ದರು, ಅದೂ ಹನ್ನೊಂದು ಮೈಲಿ ನಡೆದುಕೊಂಡು. ಕೂಲಿಯ ಜಗಳಕ್ಕೆ ಯಜಮಾನರು ಗಣಿಗೆ ಬೀಗ ಹಾಕಿ ಎಂಟು ವಾರವಂತೆ. ಕೆಸರಲ್ಲಿ ಕಾಲು ಹೂತವರಂತೆ ಆಡಿದರು. ಅವರ ಗೋಲ್‌ಕೀಪರ್ ಮೆಕ್‌ಗಾರ್ವಿ ಪ್ರತಿ ಗೋಲಿಗೂ ಒಂದೊಂದು ಹೊಸ ಬೈಗುಳ ಕಂಡುಹಿಡಿದ. ಇಪ್ಪತ್ತೊಂದು–ಸೊನ್ನೆ.

ಹದಿಮೂರನೆಯದು ಕೊನೆಗೆ ಬಂತು, ಬೆಳಕು ಮಂಕಾಗುತ್ತಿದ್ದಾಗ. ಕಂಬಕ್ಕೆ ಒರೆಸಿಕೊಂಡೇ ಹೋಯಿತು. ಮೆಕ್‌ಗಾರ್ವಿ "ಹೊರಗೆ!" ಎಂದು ಕೂಗಿದ. ಕೂಗಲಿ. ಕಂಬದ ಹಿಂದೆ ಬರೀ ಬಯಲು. ಒಳಗೋ ಹೊರಗೋ ಹೇಳಬೇಕಾದವರು ಎರಡೂ ಕಡೆಯ ಅಂಪೈರುಗಳು. ಇಬ್ಬರೂ ಕೋಲೆತ್ತಿದರೆ ಗೋಲು, ಮಾತು ಮುಗಿಯಿತು. ನಮ್ಮವನು ಎತ್ತಿದ. ಅವರ ಮುದುಕ ಲೋಗನ್ ಕೂಡ ಎತ್ತಿದ. ಅವರ ಅಂಪೈರೇ ಎತ್ತಿದ ಮೇಲೆ ಇನ್ನೇನು?

ಹೆಗಲ ಮೇಲೆ ಹೊತ್ತು ಊರು ಸುತ್ತಿಸಿದರು. ಸ್ಟ್ಯಾಗ್ ಹೋಟೆಲಿಗೆ ಹೋಗುವಷ್ಟರಲ್ಲಿ ತಡವಾಗಿತ್ತು. ಆಟ ಮುಗಿದ ಮೇಲೆ, ಆಡಲು ಬಂದವರಿಗೂ ನಮಗೂ ಚಹಾ, ಕುರಿಮಾಂಸದ ಪೈ, ಅದು ಪದ್ಧತಿ. ಎರಡು ಉದ್ದ ಮೇಜು, ಇಪ್ಪತ್ತೆರಡು ತಟ್ಟೆ. ಅವರ ಕಡೆ ಖಾಲಿ. ಕಾರ್ಖಾನೆಯ ಮ್ಯಾನೇಜರೂ ಕ್ಲಬ್ಬಿನ ಅಧ್ಯಕ್ಷರೂ ಆದ ಪೆಟಿಗ್ರೂ ಸಾಹೇಬರು ನಕ್ಕರು: "ನಾಚ್ಕೊಂಡು ಓಡಿಹೋದ್ರು ಕಣೋ. ಅವರ ಪಾಲೂ ನೀನೇ ತಿನ್ನು ವಾಟಿ, ದುಡಿದಿದ್ದೀಯ."

ಮೂರು ತಿಂದೆ. ಬಿಸಿ ಇದ್ದವು.

೧೯ ಸೆಪ್ಟೆಂಬರ್, ಸೋಮವಾರ

ಪತ್ರಿಕೆಯಲ್ಲಿ ಹೆಸರು ಬಂದಿದೆ. ಒಂದು "ಲ" ಬಿಟ್ಟಿದ್ದಾರೆ. ಪರವಾಗಿಲ್ಲ.

ಪೆಟಿಗ್ರೂ ಬಟ್ಟೆ ಒಣಗಿಸುವ ಒಣಕೋಣೆಗೇ ಬಂದು ಎಲ್ಲರೆದುರು ಕೈ ಕುಲುಕಿದರು. ನಾವು ಆ ಬೆಂಕಿಯಲ್ಲಿ ಸೊಂಟಕ್ಕೊಂದು ಬಟ್ಟೆ ಸುತ್ತಿಕೊಂಡು ಬೆವರುತ್ತಿದ್ದೆವು, ಅವರು ಕೈಗವಸು ತೆಗೆಯಲಿಲ್ಲ. ಅಕ್ಟೋಬರ್ ೨೯ಕ್ಕೆ ಸಭಾಭವನದಲ್ಲಿ ಸನ್ಮಾನವಂತೆ. ಬೆಳ್ಳಿ ಗಡಿಯಾರ. ಅದೇ ದಿನದಿಂದ ನಾನು ಒಣಕೋಣೆಯ ಮೇಸ್ತ್ರಿ. ಇನ್ನು ಒಳಗೆ ಬೇಯುವುದಿಲ್ಲ, ಬಾಗಿಲಲ್ಲಿ ನಿಂತು ಬೇಯಿಸುವುದು.

ಅಕ್ಕ ಗ್ರಿಜೆಲ್‌ಗೆ ಹೇಳಿದೆ. ಬೊಂಬಾಯಿಗೆ ಹೋಗುವ ಕೆಂಪು ಬಟ್ಟೆಯ ಮೂಟೆಗಳಿಗೆ ಚಿತ್ರದ ಚೀಟಿ ಅಂಟಿಸುವುದು ಅವಳ ಕೆಲಸ: ಆನೆ, ನವಿಲು, ನಾಲ್ಕು ಕೈಯ ದೇವರು.

"ಕಾಲಲ್ಲಿ ಒದ್ದಿದ್ದಕ್ಕೆ ಮೇಸ್ತ್ರಿಗಿರಿ," ಅಂದಳು. "ನಾನು ಹದಿನಾರು ವರ್ಷದಿಂದ ಎರಡು ಕೈಲಿ ಅಂಟಿಸ್ತಾ ಇದ್ದೀನಿ. ನಾಲ್ಕು ಕೈ ಇದ್ದಿದ್ರೆ ನನಗೂ ಏನಾದ್ರೂ ಕೊಡ್ತಿದ್ರೇನೋ."

"ನಿನಗೆ ಹೊಟ್ಟೆಕಿಚ್ಚು."

"ಹೊಟ್ಟೆಕಿಚ್ಚಲ್ವೋ, ಹರಿದ ಚಡ್ಡಿ ಹೊಲೀತಾ ಇದ್ದೀನಲ್ಲ, ಅದರ ಕಿಚ್ಚು."

೨೪ ಸೆಪ್ಟೆಂಬರ್

ಒಂದೂ ಇಲ್ಲ. ಎರಡು ಸಲ ಕಂಬಕ್ಕೆ ಬಡಿಯಿತು. ಜನ "ಹದಿಮೂರು! ಹದಿಮೂರು!" ಎಂದು ಕೂಗಿದಂತೆಲ್ಲ ನನ್ನ ಕಣ್ಣು ಚೆಂಡಿನ ಬದಲು ಕಂಬದ ಮೇಲೆ.

ಹದಿಮೂರನೆಯದು ಒಳಗೇ ಹೋಯಿತು. ನಾನು ಹತ್ತಿರ ಇದ್ದೆ.

೧ ಅಕ್ಟೋಬರ್

ಇವತ್ತೂ ಇಲ್ಲ. ಕಾಲು ಸುಮ್ಮನೆ ನಿಲ್ಲುವುದಿಲ್ಲ. ಊಟಕ್ಕೆ ಕೂತರೆ ಮೇಜಿನ ಕೆಳಗೆ ಒದೆಯುತ್ತದೆ. ಗ್ರಿಜೆಲ್ ಗಂಜಿಯ ಬಟ್ಟಲು ಎತ್ತಿ ಹಿಡಿದುಕೊಂಡೇ ತಿಂದಳು.

ಏಳು ವರ್ಷದವನಿದ್ದಾಗ ಚಿಂದಿಯ ಉಂಡೆ ಒದೆಯುತ್ತಿದ್ದೆ. ಕಾರ್ಖಾನೆಯ ಹಿಂದೆ ಹೊಳೆ ಕೆಂಪಾಗಿ ಹರಿಯುವ ಕಡೆ, ಬರಿಗಾಲಲ್ಲಿ. ಹದಿಮೂರಕ್ಕೆ ಬಣ್ಣದ ತೊಟ್ಟಿಗೆ ಇಳಿದೆ. ಹದಿನೇಳಕ್ಕೆ ಎಡಗಡೆಯ ಅಂಚಿನಲ್ಲಿ ಓಡಲು ನಿಲ್ಲಿಸಿದರು. ನನ್ನನ್ನು ಬಿಟ್ಟರೆ ಊರಿನಲ್ಲಿ ಯಾರೂ ಎಡಗಾಲಲ್ಲಿ ಸರಿಯಾಗಿ ಒದೆಯುತ್ತಿರಲಿಲ್ಲ. ಏಳು ವರ್ಷ ಓಡಿದ್ದೇನೆ. ಮೂಳೆ ಮುರಿದಾಗ ಎರಡು ತಿಂಗಳು ಗ್ರಿಜೆಲ್ ಒಬ್ಬಳ ದುಡಿಮೆಯಲ್ಲಿ ಉಂಡೆವು, ಕ್ಲಬ್ಬಿನವರು ಒಂದು ಹೂಗುಚ್ಛ ಕಳಿಸಿದ್ದರು. ಆಟಗಾರ ಹಣ ಮುಟ್ಟಿದರೆ ಆಟ ಮೈಲಿಗೆಯಾಗುತ್ತದಂತೆ. ಬಾಗಿಲಲ್ಲಿ ಟಿಕೆಟು ಹರಿದರೆ ಆಗುವುದಿಲ್ಲವಂತೆ.

ಇಷ್ಟೆಲ್ಲದರ ನಡುವೆ ನನ್ನದು ಅಂತ ಇರುವುದು ಒಂದೇ. ಆ ಸಂಖ್ಯೆ.

೧೧ ಅಕ್ಟೋಬರ್, ಮಂಗಳವಾರ

ಎಡಿನ್‌ಬರೋದ ಪತ್ರಿಕೆ ತಕರಾರು ತೆಗೆದಿದೆ. "ಹಳ್ಳಿಯ ಗುದ್ದಾಟದಲ್ಲಿ ಯಾರ ಕಾಲಿಗೆ ತಾಗಿ ಚೆಂಡು ಹೋಯಿತೆಂದು ಎಣಿಸಿದವರಾರು?" ವಕೀಲನ ಮಗನ ದಾಖಲೆಯನ್ನು ಅಳಿಸಬೇಕಾದರೆ ಇಬ್ಬರೂ ಅಂಪೈರುಗಳ ಸಹಿ ಬೇಕಂತೆ. ನಮ್ಮ ಅಂಪೈರ್ ಆಗಲೇ ಹಾಕಿದ. ಲೋಗನ್‌ನ ಸಹಿ ಬಾಕಿ.

ಪೆಟಿಗ್ರೂ ಟಪಾಲಿನಲ್ಲಿ ಕಳಿಸೋಣ ಎಂದರು. ನಾನೇ ಹೋಗುತ್ತೇನೆ ಎಂದೆ. ಬರುವ ವಾರದ ಗುರುವಾರ ಚರ್ಚಿನ ಉಪವಾಸದ ದಿನ, ಕಾರ್ಖಾನೆಗೆ ರಜೆ. ನಡೆದಾದರೂ ಈ ಕಾಲು ದಣಿಯಲಿ.

"ಹೋಗು, ಆದ್ರೆ ಅವರ ಜೊತೆ ಕೂತ್ಕೊಂಡು ಹರಟಬೇಡ," ಎಂದರು ಪೆಟಿಗ್ರೂ. ಆ ಗಣಿಯಲ್ಲಿ ಅವರದೂ ಪಾಲಿದೆ.

೨೦ ಅಕ್ಟೋಬರ್, ಉಪವಾಸದ ಗುರುವಾರ

ಸಹಿ ಸಿಕ್ಕಿತು. ಎಲ್ಲ ಬರೆದು ಬಿಡುತ್ತೇನೆ, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಉಪವಾಸದ ದಿನ ಎಂದರೆ ನಮ್ಮವರು ಬುತ್ತಿ ಕಟ್ಟಿಕೊಂಡು ಕೆರೆಯ ದಂಡೆಗೆ ಹೋಗಿ ಉಳಿದ ದಿನಕ್ಕಿಂತ ಹೆಚ್ಚು ತಿನ್ನುವ ದಿನ. ದಾರಿಯುದ್ದಕ್ಕೂ ಬುಟ್ಟಿ ಹೊತ್ತವರು. ಮಿಯರ್‌ಬರ್ನ್ ಹತ್ತಿರವಾದಂತೆ ಬುಟ್ಟಿಗಳು ಕಾಣಲಿಲ್ಲ. ಊರಿನಲ್ಲಿ ಒಂದು ನಾಯಿಯೂ ಬೊಗಳಲಿಲ್ಲ. ಗಣಿಯೂರಿನಲ್ಲಿ ಹೊಗೆಯಿಲ್ಲದ ಚಿಮಣಿಗಳು. ಕಾಲ ಕೆಳಗೆ ಕಲ್ಲಿದ್ದಲು, ಮನೆಯ ಒಲೆಯಲ್ಲಿ ತಣ್ಣನೆಯ ಬೂದಿ.

ಲೋಗನ್ ಮನೆಯಲ್ಲಿ ಮೆಕ್‌ಗಾರ್ವಿಯೂ ಕೂತಿದ್ದ.

"ಅರೆ, ಹದಿಮೂರು ಬಂದ!" ಅಂದ ಮೆಕ್‌ಗಾರ್ವಿ. "ಬಾಗಿಲಲ್ಲಿ ತಲೆ ತಗ್ಗಿಸಪ್ಪಾ, ಕಿರೀಟ ತಾಗುತ್ತೆ."

ಕಾಗದ ಕೊಟ್ಟೆ. ಲೋಗನ್ ಕನ್ನಡಕವಿಲ್ಲದೆ ಓದಿದ, ಕಿಟಕಿಯಿಂದಷ್ಟು ದೂರ ಕೂತು. ಇಷ್ಟು ದಿನ ಇವನಿಗೆ ಕಣ್ಣು ಮಂದ ಎಂದುಕೊಂಡಿದ್ದೆ.

"ಸಹಿ ತಾನೇ? ಹಾಕಿದ್ರಾಯ್ತು," ಎಂದ.

"ಹಾಕ್ಬೇಡ ಲೋಗನ್," ಅಂದ ಮೆಕ್‌ಗಾರ್ವಿ. "ಕೊನೇದು ಹೊರಗೆ ಹೋಯ್ತು. ಒಂದು ಗೇಣು ಹೊರಗೆ. ನಾನು ಕೈಯಳತೆಯಲ್ಲಿ ನಿಂತಿದ್ದೆ."

"ನನಗೆ ಗೊತ್ತಿಲ್ವಾ? ನನ್ನ ಕಣ್ಣೇನು ಆಲೂಗಡ್ಡೆನಾ?"

"ಮತ್ತೆ ಯಾಕೆ ಕೋಲೆತ್ತಿದೆ ಮುದಿಯಾ? ಇಪ್ಪತ್ತು ಗೋಲು ಕಣ್ಣಾರೆ ನುಂಗಿದ್ದೆ. ಇಪ್ಪತ್ತೊಂದನೇದು ನನ್ನ ತಲೆಗೆ ಕಟ್ಟಿದೆ."

ಲೋಗನ್ ನನ್ನ ಕಡೆ ತಿರುಗಿದ. "ನೋಡಪ್ಪಾ. ನಾನು ಇಲ್ಲ ಅಂದಿದ್ರೆ ನಿಮ್ಮೋನು ಹೌದು ಅಂತಿದ್ದ. ರೆಫರಿ ಓಡಿ ಬರಬೇಕು, ಕಂಬ ನೋಡಬೇಕು, ಹುಲ್ಲು ನೋಡಬೇಕು, ನಿಮ್ಮ ಜನ ಒಳಗೆ ನುಗ್ಗಬೇಕು. ಹತ್ತು ನಿಮಿಷದ ಜಗಳ. ನಮ್ಮ ಹುಡುಗ್ರು ಬೆಳಗ್ಗೆಯಿಂದ ನೀರು ಕುಡಿದು ನಡೆದು ಬಂದಿದ್ರು. ಆಟಕ್ಕೆ ಬಂದಿದ್ದು ಅಂದ್ಕೊಂಡ್ಯಾ? ಚಹಾಕ್ಕೆ ಬಂದಿದ್ವಿ. ಪೈ ಇರುತ್ತೆ ಅಂತ. ಬೇಗ ಮುಗೀಲಿ ಅಂತ ಕೋಲೆತ್ತಿದೆ. ನೀನು ಇನ್ನೂ ನಾಲ್ಕು ಹೊರಗೆ ಹೊಡೆದಿದ್ರೂ ಎತ್ತುತ್ತಿದ್ದೆ."

"ಮತ್ತೆ ಊಟಕ್ಕೆ ಯಾಕೆ ಬರಲಿಲ್ಲ?" ನಾನು ಕೇಳಿದೆ. ಕೇಳಬಾರದಿತ್ತು.

ಇಬ್ಬರೂ ನನ್ನ ಮುಖ ನೋಡಿದರು. ನಿಜಕ್ಕೂ ಗೊತ್ತಿಲ್ಲವೋ, ಅಣಕಿಸುತ್ತಿದ್ದೇನೋ ಎಂದು ಅಳೆದರು.

"ಬಂದ್ವಿ ಕಣೋ," ಅಂದ ಮೆಕ್‌ಗಾರ್ವಿ ಮೆಲ್ಲಗೆ. "ಬಾಗಿಲಲ್ಲಿ ನಿಮ್ಮ ಅಧ್ಯಕ್ಷನ ಗುಮಾಸ್ತ ನಿಂತಿದ್ದ. 'ಬೀಗ ಹಾಕಿದ ಗಣಿಯವರಿಗೆ ಈ ಮೇಜಲ್ಲಿ ಊಟ ಇಲ್ಲ, ಯಜಮಾನರ ಅಪ್ಪಣೆ' ಅಂದ. ಒಳಗಿಂದ ವಾಸನೆ ಬರ್ತಿತ್ತು. ಕುರಿಮಾಂಸ. ಅಲ್ವಾ?"

"ಹೌದು."

"ಹೆಂಗಿತ್ತು?"

ಹನ್ನೊಂದು ಮೈಲಿ ವಾಪಸ್ ನಡೆದರಂತೆ. ಅವರ ಹಿಂಬದಿಯ ಆಟಗಾರ ರೋನಿ ಪರ್ಡಿ ಏಳನೆಯ ಮೈಲಿಯಲ್ಲಿ ಬಿದ್ದ. ಯಾರದೋ ಹೊಲದ ಗೇಟು ಕಿತ್ತು ಅದರ ಮೇಲೆ ಮಲಗಿಸಿ ಹೊತ್ತು ತಂದರು. ಇವತ್ತಿಗೂ ಎದ್ದಿಲ್ಲ. ಹೊರಗೆ ಬರುವಾಗ ಅವನ ಕೆಮ್ಮು ಗೋಡೆಯಾಚೆಯಿಂದ ಕೇಳಿತು.

ಲೋಗನ್ ಸಹಿ ಹಾಕಿಯೇ ಕೊಟ್ಟ. ದುಂಡು ದುಂಡು ಅಕ್ಷರ. "ತಗೋ. ಆ ವಕೀಲನ ಮಗನಿಗಿಂತ ನೀನೇ ವಾಸಿ. ಸಹಿಗೆ ನಮಗೇನು ಹಿಟ್ಟು ಖರ್ಚಾಗುತ್ತಾ?"

ಜೇಬಿನಲ್ಲಿದ್ದ ಓಟ್ಸ್ ರೊಟ್ಟಿ ಮೇಜಿನ ಮೇಲಿಟ್ಟು ಬಂದೆ. ನಾಲ್ಕು. ಯಾರೂ ಥ್ಯಾಂಕ್ಸ್ ಎನ್ನಲಿಲ್ಲ, ಸರಿಯಾಗಿಯೇ ಮಾಡಿದರು.

೨೧ ಅಕ್ಟೋಬರ್

ಕಾಗದ ಪೆಟ್ಟಿಗೆಯಲ್ಲಿದೆ. ಪೆಟಿಗ್ರೂ ಕೇಳಿದರು. ಸಭೆಯಲ್ಲೇ ಕೊಡುತ್ತೇನೆ ಎಂದೆ. ಅವರಿಗೆ ಅದು ಹಿಡಿಸಿತು.

೨೪ ಅಕ್ಟೋಬರ್

ಗ್ರಿಜೆಲ್‌ಗೆ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ.

"ಆ ವಕೀಲನ ಮಗ ತನ್ನ ಹನ್ನೆರಡರಲ್ಲಿ ಎಷ್ಟು ಹೊರಗೆ ಹೋದ್ವು ಅಂತ ಯಾರಿಗಾದ್ರೂ ಹೇಳಿದ್ನಾ?" ಎಂದಳು. "ಅವರ ಸುಳ್ಳಿಗೆ ಚಿನ್ನದ ಚೌಕಟ್ಟು, ನಮ್ಮ ಸುಳ್ಳಿಗೆ ಮಾತ್ರ ಹೊಟ್ಟೆನೋವಾ? ಇಟ್ಕೋ ಹದಿಮೂರು. ತೊಟ್ಟಿಗೆ ಇಳಿಯೋ ಒಬ್ಬೊಬ್ಬನೂ ಈ ತಿಂಗಳು ಬೆನ್ನು ನೆಟ್ಟಗೆ ಮಾಡ್ಕೊಂಡು ನಡೀತಿದ್ದಾನೆ, ನೋಡಿದ್ದೀಯಾ?"

ನೋಡಿದ್ದೇನೆ. ಅದೇ ಕಷ್ಟ.

ಹಾಗಾದರೆ ಪೈ? ಎಂದೆ. ಅವಳು ಅಂಟಿನ ಡಬ್ಬಿ ಸರಿಸಿ ಮೇಜಿನ ಕೆಳಗಿಂದ ಒಂದು ಚೀಲ ಎಳೆದು ತೋರಿಸಿದಳು. ಓಟ್ಸ್ ಹಿಟ್ಟು. ಚೀಟಿ ಅಂಟಿಸುವ ಹೆಂಗಸರು ಹಿಡಿ ಹಿಡಿ ಕೂಡಿಸಿದ್ದು, ಮೂರು ವಾರದಿಂದ, ಮಿಯರ್‌ಬರ್ನ್‌ಗೆ. ನನಗೆ ಹೇಳಿರಲಿಲ್ಲ.

"ನೀನು ಮೇಸ್ತ್ರಿ ಆಗೋನು. ನಿನಗೆ ಹೆಂಗೆ ಹೇಳೋದು?"

ಸ್ವಂತ ಅಕ್ಕ.

೨೭ ಅಕ್ಟೋಬರ್

ಪೆಟಿಗ್ರೂ ಕರೆದು ಮೇಸ್ತ್ರಿಯ ಮೊದಲ ಕೆಲಸ ಹೇಳಿದರು. ಕಾರ್ಖಾನೆಯೊಳಗೆ ಯಾರೋ ಗಣಿಯವರಿಗೆ ಹಿಟ್ಟು ಕೂಡಿಸುತ್ತಿದ್ದಾರೆ, ಯಾರೆಂದು ಪತ್ತೆ ಮಾಡು. "ನಿನಗೆ ಎಲ್ಲರೂ ಬಾಯಿ ಬಿಡ್ತಾರೆ, ನೀನು ಹದಿಮೂರಲ್ವಾ."

ಆಯ್ತು ಸಾಹೇಬ್ರೆ, ಎಂದೆ. ನನ್ನ ಬಾಯೇ ಅಂದಿತು.

ಒಣಕೋಣೆಯಲ್ಲಿ ಇವತ್ತು ಇಬ್ಬರು ತಲೆ ತಿರುಗಿ ಬಿದ್ದರು. ಹೊರಗೆಳೆದು ನೀರು ಹಾಕಿದೆವು. ಅದರಲ್ಲಿ ಒಬ್ಬ ಬಿದ್ದ ರೀತಿ, ಮೊಣಕಾಲು ಮೊದಲು, ಆಮೇಲೆ ಮುಖ. ಪರ್ಡಿ ಹೀಗೇ ಬಿದ್ದಿರಬೇಕು.

೨೯ ಅಕ್ಟೋಬರ್, ಶನಿವಾರ

ಮುಗಿಯಿತು.

ಭವನ ತುಂಬಿತ್ತು. ಮುಂದೆ ಕಾಲರಿನವರು, ಹಿಂದೆ ನಮ್ಮವರು. ಕೈ ಚಪ್ಪಾಳೆ ತಟ್ಟಿದಾಗ ಹಿಂದಿನ ಅರ್ಧ ಭವನ ಕೆಂಪಾಗಿ ಅಲ್ಲಾಡುತ್ತಿತ್ತು. ಪೆಟಿಗ್ರೂ ನಿಯತ್ತಿನ ಬಗ್ಗೆ, ಶಿಸ್ತಿನ ಬಗ್ಗೆ ಮಾತಾಡಿದರು. ಯಜಮಾನನೂ ಕೂಲಿಯೂ ಒಂದೇ ಬಣ್ಣದ ಅಂಗಿಯವರು ಎಂದರು. ಗಡಿಯಾರವನ್ನು ಮಖಮಲ್ಲಿನ ಮೇಲಿಟ್ಟು, "ಗಿಲ್‌ಫಿಲನ್, ಇಬ್ಬರೂ ಅಂಪೈರುಗಳ ಸಹಿ ಇರುವ ಕಾಗದ ನೀನೇ ಓದಿಬಿಡು" ಎಂದರು.

ಕಾಗದ ತೆಗೆದೆ. ಓದಬೇಕೆಂದೇ ಬಾಯಿ ತೆರೆದೆ. ದೇವರಾಣೆ, ಓದಬೇಕೆಂದೇ.

"ಹನ್ನೆರಡು," ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಕೊನೆಯದು ಹೊರಗೆ ಹೋಯಿತು, ಒಂದು ಗೇಣು, ನಾನು ಅವತ್ತೇ ನೋಡಿದೆ.

ಮೊದಲು ಬೈದವರು ನಮ್ಮವರೇ. ನನ್ನ ಪಕ್ಕದಲ್ಲಿ ಐದು ವರ್ಷ ಆಡಿದ ಸ್ಯಾಂಡಿ ಕೋವನ್ ಎದ್ದು ನಿಂತು, "ಸುಮ್ನಿರೋ ಮುಠ್ಠಾಳ! ಅದು ನಿನ್ನೊಬ್ಬನದಲ್ಲ!" ಎಂದು ಚೀರಿದ. ಅವನ ಕಣ್ಣಲ್ಲಿ ನೀರಿತ್ತು. ಅವನು ಹೇಳಿದ್ದು ನಿಜ. ಅದಕ್ಕೇ ಉಳಿದದ್ದನ್ನೂ ಹೇಳಲೇಬೇಕಾಯಿತು.

"ಅವರ ಅಂಪೈರ್ ಯಾಕೆ ಕೋಲೆತ್ತಿದ ಗೊತ್ತಾ ಸ್ಯಾಂಡಿ? ಹಸಿವು. ಚಹಾ ಆರಿಹೋಗುತ್ತೆ ಅಂತ ಎತ್ತಿದ. ಆ ಚಹಾವೂ ಕೊಡ್ಲಿಲ್ಲ. ಬಾಗಿಲಿಂದ ಅಟ್ಟಿದ್ರು. ಅವರ ಪೈ ಮೂರು ನಾನು ತಿಂದೆ. ಎರಡು ನೀನು ತಿಂದೆ."

ಸ್ಯಾಂಡಿ ಕೂತುಬಿಟ್ಟ. ನಮ್ಮ ಊರಿನಲ್ಲಿ ಕುಡಿದು ಹೊಡೆದಾಡುತ್ತೇವೆ, ಕಂಬ ಕಿತ್ತು ಎದುರಾಳಿಯನ್ನು ಹೊಳೆಗೆ ತಳ್ಳಿದ್ದೂ ಉಂಟು. ಆದರೆ ಹೊಳೆಯಿಂದೆತ್ತಿ ಚಹಾ ಕೊಡದೆ ಕಳಿಸಿದ್ದು ಯಾವತ್ತೂ ಇಲ್ಲ.

ಹಿಂದಿನಿಂದ ಗ್ರಿಜೆಲ್‌ಳ ಧ್ವನಿ: "ಬಾಗಿಲಲ್ಲಿ ನಿಂತಿದ್ದು ನಿಮ್ಮ ಗುಮಾಸ್ತ ತಾನೇ ಸಾಹೇಬ್ರೆ? ಯಾರ ಅಪ್ಪಣೆ?"

ಪೆಟಿಗ್ರೂ ನಕ್ಕರು. ಆ ನಗು ಮರೆಯಲಾರೆ. "ಹುಡುಗನಿಗೆ ಒಣಕೋಣೆಯ ಶಾಖ ತಲೆಗೇರಿದೆ. ಗಿಲ್‌ಫಿಲನ್, ಆ ಗೋಲು ನಿನ್ನದಲ್ಲ, ಕ್ಲಬ್ಬಿನದು. ವಾಪಸ್ ಕೊಡಕ್ಕೆ ನೀನ್ಯಾರು? ಕಾಗದ ಇಲ್ಲಿ ಕೊಡು."

ನಮ್ಮ ಬೆವರು ಅವರದು, ನಮ್ಮ ಕೈಯ ಬಣ್ಣ ಅವರದು, ಬೊಂಬಾಯಿಯ ಮೂಟೆ ಅವರದು, ಕಾಲಿನಿಂದ ಹೊರಟ ಚೆಂಡೂ ಅವರದು. ಅದು ತಪ್ಪಿ ಹೋದ ಒಂದು ಗೇಣು ಮಾತ್ರ ನನ್ನದು. ಕಾಗದವನ್ನು ನಾಲ್ಕು ಚೂರು ಮಾಡಿದೆ. ಗಡಿಯಾರದ ಪಕ್ಕದಲ್ಲೇ ಇಟ್ಟೆ. ಟಿಕ್ ಟಿಕ್ ಕೇಳುತ್ತಿತ್ತು.

"ಹಿಟ್ಟು ಕೂಡಿಸೋರು ಯಾರು ಅಂತ ಕೇಳಿದ್ರಲ್ಲ," ಎಂದೆ. "ಇವತ್ತಿಂದ ನಾನು."

೩೧ ಅಕ್ಟೋಬರ್, ಸೋಮವಾರ

ಗೇಟಿನಲ್ಲೇ ನಿಲ್ಲಿಸಿದರು. ಕೆಲಸ ಇಲ್ಲ. ಕ್ಲಬ್ಬಿನ ಅಂಗಿ ವಾಪಸ್ ಕೊಡಬೇಕಂತೆ, ಕೊಟ್ಟೆ. ಮನೆ ಕಾರ್ಖಾನೆಯದು, ತಿಂಗಳೊಳಗೆ ಬಿಡಬೇಕು. ಗ್ರಿಜೆಲ್‌ಳನ್ನು ಇನ್ನೂ ಇಟ್ಟುಕೊಂಡಿದ್ದಾರೆ. ಬೊಂಬಾಯಿಯ ಹಡಗು ತಡವಾಗಬಾರದಲ್ಲ.

ಸ್ಯಾಂಡಿ ಬಂದಿದ್ದ. ಬಾಗಿಲಲ್ಲೇ ನಿಂತು, "ಎರಡಲ್ಲ, ಒಂದೂವರೆ ತಿಂದಿದ್ದು" ಎಂದು ಹೇಳಿ ಹೋದ.

೩ ನವೆಂಬರ್

ಎಡಿನ್‌ಬರೋ ಪತ್ರಿಕೆ: ಪುರಾವೆ ಬಂದಿಲ್ಲ, ಹನ್ನೆರಡರ ದಾಖಲೆ ಹಾಗೇ ಇದೆ. ನನ್ನ ಹೆಸರೇ ಇಲ್ಲ. ಬೂಟಿನ ಅಟ್ಟೆ ಬಿಟ್ಟುಕೊಂಡಿತ್ತು, ಮೊಳೆ ಹೊಡೆದೆ. ಸ್ಯಾಂಡಿ ಮತ್ತೆ ಬಂದ, ಬೇಕರಿಯ ಗಾಡಿ ಶನಿವಾರಕ್ಕೆ ಸಿಗುತ್ತದಂತೆ. ಕುದುರೆಗೆ ಯಾರು ಹುಲ್ಲು ಹಾಕುವುದು ಎನ್ನುವುದರ ಮೇಲೆ ಅರ್ಧ ಗಂಟೆ ಮಾತು.

೫ ನವೆಂಬರ್, ಶನಿವಾರ

ಮಿಯರ್‌ಬರ್ನ್‌ಗೆ ಹೋಗಿ ಬಂದೆವು. ಬೇಕರಿಯ ಗಾಡಿಯಲ್ಲಿ ಪೈ, ಎರಡು ಹಂಡೆ, ಹಿಟ್ಟಿನ ಚೀಲಗಳು. ಚೀಟಿ ಅಂಟಿಸುವ ಹೆಂಗಸರು ಹದಿನಾರು ಜನ. ಆಟಗಾರರು ಏಳು, ಉಳಿದ ನಾಲ್ವರು ಹೆದರಿ ಬರಲಿಲ್ಲ, ಅವರನ್ನು ಬೈಯಲಾರೆ. ಬೈಯಬೇಕಾದವರು ಬೇರೆ ಇದ್ದಾರೆ.

ಪರ್ಡಿಯನ್ನು ಕುರ್ಚಿಯಲ್ಲಿ ಕೂರಿಸಿ ಬಾಗಿಲಿಗೆ ತಂದಿದ್ದರು. ಗ್ರಿಜೆಲ್ ಮೊದಲೇ ಪೈ ಹಂಚಿದಳು. "ಪದ್ಧತಿ ಆಟ ಆದ್ಮೇಲೆ," ಅಂದ ಲೋಗನ್. "ಪದ್ಧತೀನ ಒಂದ್ಸಲ ನಂಬಿದ್ರಲ್ಲ, ಸಾಕು. ತಿನ್ನಿ," ಅಂದಳು ಅವಳು. ಆಮೇಲೆ ಆಡಿದೆವು, ಏಳಕ್ಕೆ ಏಳು, ಕಲ್ಲಿದ್ದಲ ಗುಡ್ಡೆಯ ಪಕ್ಕದ ಓರೆ ಬಯಲಲ್ಲಿ. ಹಂಡೆಯ ನೀರು ಕುದಿಯುತ್ತಿತ್ತು. ಹೊಟ್ಟೆ ತುಂಬಿದ ಈ ಗಣಿಯವರು ಏನು ಓಡುತ್ತಾರೆ! ಅವರ ಹತ್ತಿರ ಚೆಂಡು ಕಸಿಯಲು ಸಾಕುಸಾಕಾಯಿತು.

ಕೊನೆಗೆ ಒಂದು ಸಿಕ್ಕಿತು. ಸ್ಯಾಂಡಿ ದಾಟಿಸಿದ, ಎಡಗಾಲಲ್ಲಿ ಬಿಗಿದೆ, ಕಂಬದ ಒಳಗಿಂದ ಸರಕ್ಕನೆ ಹೋಯಿತು. ನಮ್ಮ ಕಡೆಯ ಅಂಪೈರ್ ಗ್ರಿಜೆಲ್. ಒಲೆ ಕೆದಕುವ ಕೋಲು ಎತ್ತಿದಳು. ಲೋಗನ್ ಎತ್ತಲಿಲ್ಲ.

"ಹೊರಗೆ," ಎಂದ.

"ಏನು ಹೊರಗೆ? ಮೆಕ್‌ಗಾರ್ವಿಯನ್ನೇ ಕೇಳು!"

ಮೆಕ್‌ಗಾರ್ವಿ ಆಕಾಶ ನೋಡುತ್ತಿದ್ದ. "ನನ್ನ ಕಣ್ಣಿಗೆ ಧೂಳು ಬಿದ್ದಿತ್ತಪ್ಪಾ."

"ಲೋಗನ್, ದೇವರ ಮೇಲೆ ಆಣೆ ಇಟ್ಟು ಹೇಳು!"

"ಅವಸರ ಏನು?" ಎಂದ ಮುದುಕ, ಮೀಸೆಯ ಮೇಲಿನ ಪೈ ಚೂರು ಒರೆಸಿಕೊಂಡು. "ಬಾ, ಕಂಬ ನೋಡೋಣ. ಹುಲ್ಲು ನೋಡೋಣ. ಎಲ್ಲರನ್ನೂ ಕರಿ. ಚಹಾ ಕುದೀತಿದೆ, ಎಲ್ಲಿಗೂ ಓಡಿಹೋಗಲ್ಲ."

ಹತ್ತು ನಿಮಿಷವಲ್ಲ, ಅರ್ಧ ಗಂಟೆ ಜಗಳವಾಯಿತು. ಇಡೀ ಊರು ಬಯಲಿಗೆ ನುಗ್ಗಿತು. ಪರ್ಡಿ ಕುರ್ಚಿಯಿಂದಲೇ, ಕೆಮ್ಮಿನ ನಡುವೆ, "ಹೊರಗೆ! ಹೊರಗೆ!" ಎಂದು ಕೂಗಿದ, ಅವನು ಕೂತಲ್ಲಿಂದ ಕಂಬವೇ ಕಾಣುವುದಿಲ್ಲ. ಗಂಟಲು ಹರಿಯುವಷ್ಟು ವಾದಿಸಿದೆ. ಕೊಡಲೇ ಇಲ್ಲ, ಆ ಹಟಮಾರಿ ಮುದುಕ.

ಈಗಲೂ ರಕ್ತ ಕುದಿಯುತ್ತದೆ. ಮುಂದಿನ ಶನಿವಾರ ಮತ್ತೆ ಹೋಗಿ ಇದನ್ನು ಇತ್ಯರ್ಥ ಮಾಡುತ್ತೇನೆ. ಅದು ಒಳಗೇ ಹೋಗಿತ್ತು. ಒಂದು ಗೇಣು ಒಳಗೆ.